ಟ್ಯಾಂಕರ್ ಕಳಿಸಿದರೆ ಬಾವಿ ವಾಪಸ್ ಬಂತೇ?

ಊರಿನ ಬೋರ್‌ವೆಲ್ ನೀರು ಕೆಟ್ಟರೆ ಏನೇನು ನಡೆಯುತ್ತದೆ ಅಂತ ನಮಗೆಲ್ಲ ಗೊತ್ತು. ಮೊದಲು ಹೆಂಗಸರು ಹೇಳುತ್ತಾರೆ: ನೀರು ವಾಸನೆ ಬರ್ತಿದೆ, ಬೇಳೆ ಬೇಯ್ತಿಲ್ಲ, ಕೊಡದ ತಳದಲ್ಲಿ ಏನೋ ಕೂರ್ತಿದೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆಮೇಲೆ ದನ ತೊಟ್ಟಿ ಮೂಸಿ ಮುಖ ತಿರುಗಿಸುತ್ತವೆ. ಆಗ ನಾಲ್ಕು ಜನ ಖಾಲಿ ಕೊಡ ಹಿಡಿದು ಪಂಚಾಯಿತಿ ಮುಂದೆ ನಿಲ್ಲುತ್ತಾರೆ. ಪೇಪರಿನಲ್ಲಿ ಫೋಟೊ ಬರುತ್ತದೆ. ವಾರದೊಳಗೆ ಒಂದು ಟ್ಯಾಂಕರ್ ಬಂದು ನಿಲ್ಲುತ್ತದೆ. ಟ್ಯಾಂಕರ್ ಬಂದ ದಿನ ಹೋರಾಟ ಮುಗಿಯುತ್ತದೆ.

ನಾವು ಇಲ್ಲಿ ಹೇಳಬೇಕೆಂದಿರುವುದು ಇಷ್ಟೇ. ಟ್ಯಾಂಕರ್ ಬಂದ ದಿನ ಹೋರಾಟ ಮುಗಿಯಬಾರದು. ಅವತ್ತೇ ಶುರುವಾಗಬೇಕು.

ಟ್ಯಾಂಕರ್ ಬೇಡ ಅಂತ ನಾವು ಹೇಳುತ್ತಿಲ್ಲ. ಬಾಯಾರಿದವರಿಗೆ ನೀರು ಬೇಕೇ ಬೇಕು. ಆದರೆ ನೀರು ಕೆಡಿಸಿದವರು ಯಾರು, ನೆಲದೊಳಗೆ ಸೇರಿದ್ದು ಏನು, ಅದನ್ನು ತೆಗೆಯುವವರು ಯಾರು, ಇಷ್ಟು ವರ್ಷ ಕುಡಿದವರ ಗತಿ ಏನು? ಈ ನಾಲ್ಕು ಪ್ರಶ್ನೆಗಳನ್ನೂ ಟ್ಯಾಂಕರ್ ತನ್ನ ಜೊತೆಗೇ ಹೊತ್ತುಕೊಂಡು ಹೋಗಿಬಿಡುತ್ತದೆ.

ಬಿಛ್ರಿ ಎಂಬ ಹಳ್ಳಿ

ರಾಜಸ್ಥಾನದ ಉದಯಪುರ ಜಿಲ್ಲೆಯಲ್ಲಿ ಬಿಛ್ರಿ ಅಂತ ಒಂದು ಹಳ್ಳಿ ಇದೆ. 1988ರಲ್ಲಿ ಅಲ್ಲಿನ ಒಂದು ಕಾರ್ಖಾನೆ ‘ಎಚ್ ಆಸಿಡ್’ ಎಂಬ ರಾಸಾಯನಿಕ ತಯಾರಿಸಲು ಶುರು ಮಾಡಿತು. ಬಟ್ಟೆಗೆ ಹಾಕುವ ಬಣ್ಣಕ್ಕೆ ಬೇಕಾದ ಸರಕು ಅದು. ತಯಾರಾಗುತ್ತಿದ್ದುದು ರಫ್ತಿಗಾಗಿ. ಕಾರ್ಖಾನೆ ಮಾಡಿದ್ದು ಸುಮಾರು 375 ಟನ್ ಮಾಲು. ಅದರ ಜೊತೆಗೆ ಹುಟ್ಟಿದ ವಿಷದ ಕೆಸರು ಸುಮಾರು 2,440 ಟನ್. ಅಂದರೆ ಒಂದು ಟನ್ ಮಾಲಿಗೆ ಆರು ಟನ್ನಿಗೂ ಹೆಚ್ಚು ಕೆಸರು. ಮಾಲು ಹಡಗು ಹತ್ತಿತು. ಕೆಸರು ಬಿಛ್ರಿಯಲ್ಲೇ ಉಳಿಯಿತು.

ಆ ಕೆಸರನ್ನೂ ಕೊಳಕು ನೀರನ್ನೂ ಬಯಲಿಗೆ ಬಿಟ್ಟರು. ಮಳೆ ಬಂತು, ವಿಷ ಇಳಿಯಿತು. ಸುತ್ತಲಿನ ಬಾವಿಗಳ ನೀರು ಬಣ್ಣ ತಿರುಗಿ ಕಪ್ಪಿಟ್ಟಿತು. ಕುಡಿಯಲಿಕ್ಕೂ ಆಗದು, ದನಕ್ಕೂ ಆಗದು, ಹೊಲಕ್ಕೂ ಆಗದು ಅನ್ನುವ ಸ್ಥಿತಿ. ಜನ ಸಿಡಿದೆದ್ದರು. ಆಡಳಿತ ಮಾಡಿದ ಕೆಲಸ ಏನು ಗೊತ್ತೇ? 144ನೇ ಸೆಕ್ಷನ್ ಹಾಕಿದ್ದು. ನೀರು ಕೆಡಿಸಿದವರಿಗಿಂತ ಮೊದಲು ನೀರು ಕೇಳಿದವರ ಮೇಲೆ ನಿರ್ಬಂಧ ಬಿತ್ತು. ಜನರ ಸಿಟ್ಟಿಗೆ 1989ರ ಆರಂಭದಲ್ಲಿ ಆ ಘಟಕ ಬಾಗಿಲು ಹಾಕಿತು.

ಕಾರ್ಖಾನೆ ಓಡಿದ್ದು ಹೆಚ್ಚು ಕಡಿಮೆ ಒಂದು ವರ್ಷ. ಮುಂದಿನ ಲೆಕ್ಕ ನೋಡಿ. 1989ರಲ್ಲಿ ಒಂದು ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಕೆಸರನ್ನು ಭದ್ರವಾಗಿ ಹೂಳಿ ಅಂತ 1990ರಲ್ಲಿ ಕೋರ್ಟ್ ಹೇಳಿತು. ಹೂಳಿದ್ದು ಸುಮಾರು 720 ಟನ್ ಮಾತ್ರ. ಉಳಿದದ್ದನ್ನು ಅಲ್ಲಲ್ಲೇ ಹರಡಿ ಮೇಲೆ ಮಣ್ಣು ಮುಚ್ಚಿದ್ದರು. 1996ರ ಫೆಬ್ರುವರಿಯಲ್ಲಿ ಕೋರ್ಟ್ ತೀರ್ಪು ಕೊಟ್ಟಿತು: ಕೆಡಿಸಿದವನೇ ಖರ್ಚು ಕೊಡಬೇಕು, ‘ನಾನು ಎಚ್ಚರ ವಹಿಸಿದ್ದೆ’ ಅನ್ನುವ ನೆಪ ನಡೆಯುವುದಿಲ್ಲ. ಆದರೂ ದುಡ್ಡು ಬರಲಿಲ್ಲ. ಅರ್ಜಿಯ ಮೇಲೆ ಅರ್ಜಿ ಹಾಕುತ್ತಾ ಮತ್ತೆ 15 ವರ್ಷ ಎಳೆದರು. 2011ರ ಜುಲೈನಲ್ಲಿ ಕೋರ್ಟ್ ಮತ್ತೆ ಛೀಮಾರಿ ಹಾಕಿ, ಸುಮಾರು 37 ಕೋಟಿ 38 ಲಕ್ಷ ರೂಪಾಯಿಯನ್ನು ಶೇ 12ರ ಚಕ್ರಬಡ್ಡಿ ಸಮೇತ ಕಟ್ಟಿ ಅಂದಿತು.

ಒಂದು ವರ್ಷದ ವಿಷಕ್ಕೆ 22 ವರ್ಷದ ಕೋರ್ಟು. ಅಷ್ಟು ಹೊತ್ತಿಗೆ ಮೊದಲು ಕೊಡ ಹಿಡಿದು ನಿಂತವರ ಮಕ್ಕಳಿಗೆ ಮದುವೆಯಾಗಿ ಮಕ್ಕಳಾಗಿರುತ್ತವೆ. ಇದು ಗೆದ್ದ ಊರಿನ ಕಥೆ. ದೇಶದ ಕಾನೂನು ಪುಸ್ತಕಗಳಲ್ಲಿ ಹೆಸರು ಉಳಿಸಿಕೊಂಡ ಊರಿನ ಕಥೆ. ಸೋತ ಊರುಗಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ನೆಲದೊಳಗೆ ಸರ್ವೆ ನಂಬರ್ ಇಲ್ಲ

‘ಕಾರ್ಖಾನೆ ಇರೋದು ಅಲ್ಲಿ, ನಿಮ್ಮ ಬೋರ್ ಇರೋದು ಇಲ್ಲಿ, ಸಂಬಂಧ ಏನ್ರೀ?’ ಅಂತ ಕೇಳುವ ಅಧಿಕಾರಿಗಳನ್ನು ನಾವು ನೋಡಿದ್ದೇವೆ. ಅವರಿಗೆ ಉತ್ತರ ಕೊಡಬೇಕಾದರೆ ನಮ್ಮ ಕಾಲ ಕೆಳಗೆ ಏನಿದೆ ಅಂತ ನಮಗೆ ತಿಳಿದಿರಬೇಕು.

ಕರ್ನಾಟಕದ ಬಹುಪಾಲು ಕಲ್ಲುನೆಲ. ಮೇಲೆ ಒಂದಷ್ಟು ಮಣ್ಣು. ಅದರ ಕೆಳಗೆ ಸವೆದು ಪುಡಿಯಾಗುತ್ತಿರುವ ಕಲ್ಲು. ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಬಂಡೆಯಲ್ಲಿ ಬಿರುಕುಗಳು. ಆ ಬಿರುಕುಗಳಲ್ಲೇ ನೀರು ಓಡಾಡುತ್ತದೆ. ಬೋರ್ ಕೊರೆಯುವಾಗ ಪಕ್ಕದ ಹೊಲದಲ್ಲಿ ನೀರು ಉಕ್ಕಿ, ನಮ್ಮ ಹೊಲದಲ್ಲಿ ಬರೀ ಧೂಳು ಬರುವುದು ಇದಕ್ಕೇ. ವಿಷ ಓಡಾಡುವುದೂ ಅದೇ ದಾರಿಯಲ್ಲಿ. ಕಾರ್ಖಾನೆಯ ಕಾಂಪೌಂಡಿಗೆ ಅಂಟಿಕೊಂಡ ಬಾವಿ ಚೆನ್ನಾಗಿದ್ದು, ದೂರದ ಬೋರ್ ಕೆಟ್ಟಿರಬಹುದು. ಒಂದೇ ಒಂದು ಬಾವಿಯಿಂದ ಬಾಟಲಿ ತುಂಬಿಕೊಂಡು ಹೋಗಿ ‘ಊರಿನ ನೀರು ಸರಿ ಇದೆ’ ಅಂತ ಬರೆಯುವುದು ಅದಕ್ಕೇ ಮೋಸ.

ಇನ್ನೊಂದು ಮಾತು. ನಾವು ಜೋರಾಗಿ ಪಂಪ್ ಓಡಿಸಿದಷ್ಟೂ ಸುತ್ತಲಿನ ನೀರು ನಮ್ಮ ಬೋರ್ ಕಡೆಗೆ ಹರಿದು ಬರುತ್ತದೆ. ಜೊತೆಗೆ ಅದರಲ್ಲಿ ಕರಗಿದ್ದೂ ಬರುತ್ತದೆ. ನದಿಗೆ ಕೊಳಕು ಬಿದ್ದರೆ ಒಂದು ದೊಡ್ಡ ಮಳೆಗೆ ಸ್ವಲ್ಪವಾದರೂ ತೊಳೆದುಹೋಗುತ್ತದೆ. ನೆಲದೊಳಗಿನ ನೀರು ಹಾಗಲ್ಲ, ಅದರ ನಡಿಗೆ ನಿಧಾನ. ಅಲ್ಲಿ ಬಿದ್ದ ವಿಷಕ್ಕೆ ಬಿಸಿಲಿಲ್ಲ, ಗಾಳಿಯಿಲ್ಲ. ವರ್ಷಗಟ್ಟಲೆ, ದಶಕಗಟ್ಟಲೆ ಅಲ್ಲೇ ಇರುತ್ತದೆ. ಇವತ್ತು ಕಾರ್ಖಾನೆ ಮುಚ್ಚಿದರೂ ನಾಳೆ ಬಾವಿ ಸರಿಹೋಗುವುದಿಲ್ಲ.

ಕೆಲವರು ‘ಕುದಿಸಿ ಕುಡಿಯಿರಿ’ ಅನ್ನುತ್ತಾರೆ. ಕುದಿಸಿದರೆ ಸಾಯುವುದು ಕ್ರಿಮಿಗಳು. ಸೀಸ, ಆರ್ಸೆನಿಕ್, ಕ್ರೋಮಿಯಂ, ಕ್ಯಾಡ್ಮಿಯಂ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವು ಇನ್ನೂ ದಟ್ಟವಾಗುತ್ತವೆ. ಪಟಿಕ ಹಾಕಿ ತಿಳಿ ಮಾಡಿದರೂ ಅಷ್ಟೇ. ತಿಳಿಯಾದ ನೀರೆಲ್ಲ ಒಳ್ಳೆಯ ನೀರಲ್ಲ.

‘ಶುದ್ಧ ನೀರಿನ ಘಟಕ ಇದೆಯಲ್ಲ’ ಅನ್ನುವವರಿಗೂ ಒಂದು ಮಾತು. ಕಾಯಿನ್ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುತ್ತೇವೆ, ನಿಜ. ಹಾಲು ಕೊಡುವ ಒಂದು ಹಸು ದಿನಕ್ಕೆ 50 ಲೀಟರ್ ಮೀರಿ ನೀರು ಕುಡಿಯುತ್ತದೆ. ಅದಕ್ಕೆ ಕಾಯಿನ್ ಹಾಕುವವರು ಯಾರು? ಟೊಮೆಟೊ ಸಾಲಿಗೆ, ಸೊಪ್ಪಿನ ಮಡಿಗೆ, ಮಗುವಿನ ಸ್ನಾನಕ್ಕೆ, ಪಾತ್ರೆ ತೊಳೆಯಲಿಕ್ಕೆ ಹೋಗುವುದು ಅದೇ ಬೋರ್ ನೀರು. ಘಟಕ ಸೋಸಿ ಹೊರಗೆ ಬಿಡುವ ಗಟ್ಟಿ ಕೊಳಕು ಚರಂಡಿಗೆ ಹೋಗಿ ಮತ್ತೆ ನೆಲಕ್ಕೇ ಇಳಿಯುತ್ತದೆ.

ಭೋಪಾಲದಲ್ಲೂ ಇದೇ ಆಯಿತು. 1984ರ ಡಿಸೆಂಬರ್ ರಾತ್ರಿಯ ಅನಿಲ ದುರಂತ ಎಲ್ಲರಿಗೂ ಗೊತ್ತು. ಆ ಕಾರ್ಖಾನೆಯ ಸುತ್ತಲಿನ ಬಡಾವಣೆಗಳ ನೆಲದ ನೀರು ಕೆಟ್ಟ ಕಥೆ ಬಹಳ ಜನರಿಗೆ ಗೊತ್ತಿಲ್ಲ. ಅಲ್ಲಿನವರಿಗೆ ಶುದ್ಧ ನೀರು ಕೊಡಿ ಅಂತ ಹೇಳಲು 2004ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಕಾರ್ಖಾನೆಯೊಳಗೆ ಇಟ್ಟಿದ್ದ 337 ಟನ್ ವಿಷದ ಕಸ ಜಾಗ ಬಿಟ್ಟು ಹೊರಟಿದ್ದು 2025ರ ಜನವರಿಯಲ್ಲಿ, 40 ವರ್ಷದ ಮೇಲೆ. ಹೋಗಿದ್ದು ಎಲ್ಲಿಗೆ? ಧಾರ್ ಜಿಲ್ಲೆಯ ಪೀಥಂಪುರಕ್ಕೆ. ‘ನಮ್ಮೂರಿಗೆ ಯಾಕೆ ತಂದಿರಿ’ ಅಂತ ಅಲ್ಲಿನ ಜನ ಬೀದಿಗೆ ಇಳಿದರು. ಆದರೂ ಅಲ್ಲೇ ಸುಟ್ಟರು. ಕಸ ಸುಟ್ಟರು ಸರಿ, ಅಷ್ಟು ವರ್ಷ ನೆಲಕ್ಕೆ ಇಳಿದದ್ದನ್ನು ಸುಡುವುದು ಹೇಗೆ?

ನಮ್ಮ ಮನೆ ಬಾಗಿಲಲ್ಲಿ

ಇದೆಲ್ಲ ದೂರದ ಊರಿನ ಕಥೆ ಅಂದುಕೊಳ್ಳಬೇಡಿ.

ಕೋಲಾರದ ಕೆಜಿಎಫ್‌ಗೆ ಹೋದವರು ಸೈನೈಡ್ ದಿಬ್ಬಗಳನ್ನು ನೋಡಿಯೇ ಇರುತ್ತೀರಿ. ಸಿನಿಮಾದವರಿಗೆ ಅದು ಹಾಡು ಚಿತ್ರೀಕರಿಸುವ ಜಾಗ. ಅಲ್ಲಿನವರಿಗೆ ಅದು ನೂರು ವರ್ಷಕ್ಕೂ ಮೀರಿ ಅದಿರು ಅರೆದು, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಕಾರ್ಮಿಕರನ್ನು ಮನೆಗೆ ಕಳಿಸಿದರು, ಗುಡ್ಡವನ್ನು ಅಲ್ಲೇ ಬಿಟ್ಟರು. ಸೈನೈಡ್ ಬಿಸಿಲಿಗೆ ಗಾಳಿಗೆ ಕಾಲ ಕಳೆದಂತೆ ಒಡೆಯುತ್ತದೆ. ಕಲ್ಲಿನ ಪುಡಿಯಲ್ಲಿರುವ ಲೋಹ ಒಡೆಯುವುದಿಲ್ಲ. ಗಾಳಿ ಬೀಸಿದರೆ ಪುಡಿ ಮನೆಯೊಳಗೆ ಬರುತ್ತದೆ, ಮಳೆ ಬಂದರೆ ಕೊಚ್ಚಿಕೊಂಡು ತಗ್ಗಿನ ಕಡೆಗೆ ಹೋಗುತ್ತದೆ.

ಈ ಗುಡ್ಡಗಳನ್ನು ಯಾರೂ ಲೆಕ್ಕವೇ ಹಾಕಿಲ್ಲ ಅನ್ನುವ ಹಾಗಿಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, 13 ದಿಬ್ಬಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಸಾವಿರ ಎಕರೆ ಮೀರಿದ ಜಾಗ, ಸುಮಾರು 3 ಕೋಟಿ 30 ಲಕ್ಷ ಟನ್ ಪುಡಿ. ಯಾಕೆ ಒಪ್ಪಿಗೆ? ಪುಡಿಯಲ್ಲಿ ಇನ್ನೂ ಚಿನ್ನ ಉಳಿದಿದೆ ಅಂತ. ಟನ್ ಲೆಕ್ಕ ಹಾಕಲು, ಎಕರೆ ಅಳೆಯಲು, ಚಿನ್ನ ಎಷ್ಟಿದೆ ಅಂತ ಹೇಳಲು ಸರ್ಕಾರಕ್ಕೆ ಬರುತ್ತದೆ. ಅದೇ ಕೈಯಲ್ಲಿ ಸುತ್ತಲಿನ ಒಂದೊಂದು ಬಾವಿಯ ನೀರನ್ನೂ ಪರೀಕ್ಷೆ ಮಾಡಿ ಊರ ಮುಂದೆ ಫಲಕ ಹಾಕಲು ಯಾಕೆ ಬರುವುದಿಲ್ಲ?

ಬೆಂಗಳೂರು ಸುತ್ತಲಿನವರಿಗೆ ಮಾವಳ್ಳಿಪುರ, ಮಂಡೂರು ಹೆಸರು ಹೇಳಿದರೆ ಸಾಕು. ನಗರದ ಕಸ ಲಾರಿಗಟ್ಟಲೆ ಬಂದು ಬಿದ್ದ ಊರುಗಳು. ಮಾವಳ್ಳಿಪುರದವರು ವರ್ಷಗಟ್ಟಲೆ ಕೂಗಿದ ಮೇಲೆ 2012ರಲ್ಲಿ ಅಲ್ಲಿಗೆ ಕಸ ಬರುವುದು ನಿಂತಿತು. ಮಂಡೂರಿನವರು 2014ರಲ್ಲಿ ರಸ್ತೆಗೆ ಅಡ್ಡ ಕೂತ ಮೇಲೆ ಸರ್ಕಾರ ಬಗ್ಗಿತು. ಮನೆ ಕಸ ತಾನೇ, ಅದರಲ್ಲೇನು ವಿಷ ಅನ್ನಬೇಡಿ. ಬ್ಯಾಟರಿ, ಟ್ಯೂಬ್‌ಲೈಟ್, ಪೇಂಟ್ ಡಬ್ಬ, ಔಷಧಿ ಬಾಟಲಿ ಎಲ್ಲ ಅದರಲ್ಲೇ ಕೊಳೆಯುತ್ತವೆ. ಮಳೆಗಾಲದಲ್ಲಿ ಗುಡ್ಡದ ಬುಡದಿಂದ ಕಪ್ಪು ರಸ ಇಳಿಯುತ್ತದೆ. ಲಾರಿ ನಿಂತಿತು ಅಂದ ಮಾತ್ರಕ್ಕೆ ರಸ ನಿಲ್ಲುವುದಿಲ್ಲ.

ಪಕ್ಕದ ತಮಿಳುನಾಡಿಗೂ ಒಮ್ಮೆ ಹೋಗಿ ಬರೋಣ. ನಮ್ಮ ನಂದಿ ಬೆಟ್ಟದ ಕಡೆ ಹುಟ್ಟಿ, ಕೋಲಾರ ಜಿಲ್ಲೆ ದಾಟಿ ಹೋಗುವ ಪಾಲಾರ್ ನದಿಯ ದಂಡೆಯಲ್ಲಿ ರಾಣಿಪೇಟೆ ಇದೆ. ಅಲ್ಲಿನ ಒಂದು ಕ್ರೋಮೇಟ್ ಕಾರ್ಖಾನೆ 1990ರ ದಶಕದಲ್ಲೇ ಮುಚ್ಚಿತು. ಅದರ ಹಿಂದೆ ಉಳಿದದ್ದು ಲಕ್ಷ ಟನ್ ಮೀರಿದ ಕ್ರೋಮಿಯಂ ಕಸದ ರಾಶಿ. ಆ ರಾಶಿಯ ಕೆಳಗಿನ ನೀರು ಹಳದಿಯಾಯಿತು. ಅದೇ ಪಾಲಾರ್ ಪ್ರದೇಶದ ಚರ್ಮ ಹದ ಮಾಡುವ ಕಾರ್ಖಾನೆಗಳ ಮೇಲೆ ವೆಲ್ಲೂರಿನ ನಾಗರಿಕರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಸುಮಾರು 35,000 ಹೆಕ್ಟೇರ್ ಜಮೀನು ಬೇಸಾಯಕ್ಕೆ ಬಾರದಂತಾಗಿದೆ ಎಂಬ ಲೆಕ್ಕ ಆ ತೀರ್ಪಿನಲ್ಲೇ ಇದೆ.

ನಮಗೆ ಹೇಳುವ ಮೂರು ಮಾತು

ದೂರು ಹೊತ್ತುಕೊಂಡು ಕಚೇರಿಗೆ ಹೋದವರಿಗೆ ಸಿಗುವ ಉತ್ತರ ಮೂರೇ ಮೂರು.

ಮೊದಲನೆಯದು: ‘ಪರೀಕ್ಷೆ ಮಾಡಿಸಿದ್ದೀವಿ, ಎಲ್ಲ ಮಿತಿಯೊಳಗಿದೆ.’ ಯಾವುದರ ಮಿತಿ? ಪಂಚಾಯಿತಿಯಲ್ಲಿ ಇರುವ ಕಿಟ್ ಸಾಮಾನ್ಯವಾಗಿ ನೋಡುವುದು ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಕ್ಲೋರೈಡ್ ಇಂಥವನ್ನು. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡದಲ್ಲಿ ಸೀಸ ಮತ್ತು ಆರ್ಸೆನಿಕ್‌ನ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಕ್ಯಾಡ್ಮಿಯಂಗೆ 0.003 ಮಿಲಿಗ್ರಾಂ. ಇಷ್ಟು ಸಣ್ಣ ಪ್ರಮಾಣ ಹಿಡಿಯಲು ದೊಡ್ಡ ಪ್ರಯೋಗಾಲಯ ಬೇಕು. ಹುಡುಕದೇ ಇದ್ದದ್ದು ಸಿಗುವುದಿಲ್ಲ. ಸಿಗಲಿಲ್ಲ ಅಂದರೆ ಇಲ್ಲ ಅಂತ ಅರ್ಥವಲ್ಲ.

ಎರಡನೆಯದು: ‘ಕಾಯಿಲೆ ಬಂದಿದ್ದು ಈ ನೀರಿನಿಂದಲೇ ಅಂತ ಸಾಬೀತು ಮಾಡಿ.’ ಇದು ಎಲ್ಲಕ್ಕಿಂತ ಕ್ರೂರ ಮಾತು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಆರ್ಸೆನಿಕ್ ವರ್ಷಗಟ್ಟಲೆ ಒಳಗೆ ಹೋದರೆ ಚರ್ಮದಲ್ಲಿ ಮಚ್ಚೆ, ಗಂಟು, ಕ್ಯಾನ್ಸರ್ ತರುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡ ಕೆಡಿಸುತ್ತದೆ. ಯಾವುದೂ ಇವತ್ತು ಕುಡಿದು ನಾಳೆ ಬೀಳುವ ವಿಷವಲ್ಲ. ಆಸ್ಪತ್ರೆಗೆ ಹೋದರೆ ಬೀಡಿ ಸೇದ್ತೀರಾ, ಕುಡೀತೀರಾ ಅಂತ ಕೇಳುತ್ತಾರೆ. ಯಾವ ಬೋರಿನ ನೀರು ಅಂತ ಕೇಳುವುದಿಲ್ಲ. ಚೀಟಿಯಲ್ಲಿ ಬರೆಯದ ಮೇಲೆ ಹತ್ತು ವರ್ಷದ ನಂತರ ಕೂಲಿ ಮಾಡುವ ಒಬ್ಬಳು ತಾಯಿ ಎಲ್ಲಿಂದ ಸಾಕ್ಷಿ ತರಬೇಕು?

ಸುಪ್ರೀಂ ಕೋರ್ಟ್ ಇದಕ್ಕೆ ಎಂದೋ ಉತ್ತರ ಕೊಟ್ಟಿದೆ. ನಾವು ಮೇಲೆ ಹೇಳಿದ ವೆಲ್ಲೂರು ತೀರ್ಪು ಬಂದದ್ದು 1996ರ ಆಗಸ್ಟ್‌ನಲ್ಲಿ, ಬಿಛ್ರಿ ತೀರ್ಪಿನ ವರ್ಷದಲ್ಲೇ. ತನ್ನ ಕೆಲಸದಿಂದ ಪರಿಸರಕ್ಕೆ ತೊಂದರೆಯಿಲ್ಲ ಅಂತ ಸಾಬೀತು ಮಾಡುವ ಹೊರೆ ಉದ್ಯಮದ್ದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ದೆಹಲಿಯಿಂದ ಆ ಮಾತು ನಮ್ಮ ತಾಲ್ಲೂಕು ಕಚೇರಿಗೆ ಇನ್ನೂ ಬಂದು ತಲುಪಿಲ್ಲ. ಅಲ್ಲಿ ಇವತ್ತಿಗೂ ಸಾಬೀತು ಮಾಡಬೇಕಾದವರು ಕುಡಿದವರೇ.

ಮೂರನೆಯದು: ‘ಕೆಲಸ ಕೊಟ್ಟಿದ್ದಾರಲ್ಲ, ಕಾರ್ಖಾನೆ ಮುಚ್ಚಿದರೆ ಹುಡುಗರು ಎಲ್ಲಿಗೆ ಹೋಗ್ತಾರೆ?’ ಇದು ಬರೀ ಅಧಿಕಾರಿಗಳ ಮಾತಲ್ಲ, ನಮ್ಮ ಊರಿನವರೇ ಹೇಳುವ ಮಾತು. ಇದನ್ನು ನಾವು ಹಗುರವಾಗಿ ನೋಡುವುದಿಲ್ಲ. ನಮ್ಮ ಬಳಗದವರ ಮನೆಗಳಲ್ಲೂ ಕಾರ್ಖಾನೆ ಕೆಲಸಕ್ಕೆ ಹೋಗುವವರಿದ್ದಾರೆ. ಆದರೆ ವಿಷದ ಕಸವನ್ನು ಸರಿಯಾಗಿ ಸಾಗಿಸಿದರೆ ಕಾರ್ಖಾನೆ ಮುಚ್ಚಬೇಕಾಗಿಲ್ಲ. ಅದಕ್ಕೆಂದೇ ತಳಕ್ಕೆ ಪದರ ಹಾಸಿ, ಇಳಿಯುವ ರಸ ಹಿಡಿಯುವ ಏರ್ಪಾಡು ಮಾಡಿ ಕಟ್ಟುವ ಜಾಗಗಳಿವೆ. ನಮ್ಮ ರಾಜ್ಯದಲ್ಲಿ ದಾಬಸ್‌ಪೇಟೆಯ ಬಳಿ ಅಂಥದ್ದೊಂದು ಇದೆ. ಅಲ್ಲಿಗೆ ಕಳಿಸಲು ಟನ್ನಿಗೆ ಇಷ್ಟು ಅಂತ ದುಡ್ಡು ಕಟ್ಟಬೇಕು. ರಾತ್ರಿ ಹೊತ್ತು ಹಳೇ ಕ್ವಾರಿಗೆ ಸುರಿದರೆ ಆ ದುಡ್ಡು ಉಳಿಯುತ್ತದೆ. ಕೆಲಸ ಉಳಿಸಲಿಕ್ಕೆ ಯಾರೂ ವಿಷ ಸುರಿಯುವುದಿಲ್ಲ, ದುಡ್ಡು ಉಳಿಸಲಿಕ್ಕೆ ಸುರಿಯುತ್ತಾರೆ. ಹುಡುಗರ ಕೆಲಸದ ಮಾತು ಬರುವುದು ಸಿಕ್ಕಿಬಿದ್ದ ಮೇಲೆ.

ನಮ್ಮ ಪಾಲೂ ಇದೆ

ಬೇರೆಯವರನ್ನು ಬಯ್ದು ಮುಗಿಸುವುದು ಸುಲಭ. ಆ ಲಾರಿಗೆ ರಾತ್ರಿ ಗೇಟು ತೆಗೆದವರು ಯಾರು? ಬತ್ತಿದ ಬೋರ್‌ವೆಲ್‌ಗೆ ಕೊಳಕು ನೀರು ಬಿಡಲು ಜಾಗ ಬಾಡಿಗೆಗೆ ಕೊಟ್ಟವರು ಯಾರು? ‘ಪಾಳು ಬಿದ್ದ ಕಲ್ಲು ಕ್ವಾರಿ, ಮುಚ್ಚಿದರೆ ಒಳ್ಳೇದೇ ಅಲ್ವಾ’ ಅಂತ ಲೋಡಿಗಿಷ್ಟು ಅಂತ ಎಣಿಸಿಕೊಂಡವರು ಯಾರು? ಹೊರಗಿನವರಿಗೆ ನಮ್ಮ ಕ್ವಾರಿ ಎಲ್ಲಿದೆ ಅಂತ ಗೊತ್ತಿರುವುದಿಲ್ಲ. ನಮ್ಮವರೇ ಯಾರೋ ತೋರಿಸಿರುತ್ತಾರೆ.

ಬತ್ತಿದ ಬೋರಿಗೆ ವಿಷ ಇಳಿಸುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಬಯಲಿಗೆ ಸುರಿದರೆ ಮಣ್ಣಾದರೂ ಒಂದಿಷ್ಟು ತಡೆಯುತ್ತದೆ. ಬೋರಿಗೆ ಬಿಟ್ಟರೆ ನೇರ ಬಂಡೆಯ ಬಿರುಕಿಗೆ, ಅಲ್ಲಿಂದ ನೇರ ನಿಮ್ಮ ಅಣ್ಣನ ಬೋರಿಗೆ. ಕಾನೂನಿನಲ್ಲಿ ಅದು ಅಪರಾಧ. ಊರಿನ ಲೆಕ್ಕದಲ್ಲಿ ಅದು ಬಾವಿಗೆ ವಿಷ ಹಾಕಿದ ಹಾಗೇ. ಹಿಂದೆ ಬಾವಿಗೆ ವಿಷ ಹಾಕಿದವನನ್ನು ಊರು ಏನು ಮಾಡುತ್ತಿತ್ತು ಅಂತ ಅಜ್ಜಂದಿರನ್ನು ಕೇಳಿ.

ಸಂತೆಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಡ್ರಮ್ಮುಗಳ ಬಗ್ಗೆಯೂ ಒಂದು ಮಾತು. ಅದರಲ್ಲಿ ಮೊದಲು ಏನಿತ್ತು ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ಸೋಪು ಹಾಕಿ ಎರಡು ಸಲ ತೊಳೆದು ಕುಡಿಯುವ ನೀರು ತುಂಬಿಡಬೇಡಿ.

ಹೊಸ ನಿಯಮ, ಹಳೇ ಕಿಂಡಿ

2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿರ್ವಹಣೆಗೆ ಮೊದಲ ಬಾರಿ ಪ್ರತ್ಯೇಕ ನಿಯಮ ತಂದಿತು. ಆ ಹೊತ್ತಿಗೆ ದೇಶದಲ್ಲಿ ಗುರುತಿಸಿದ್ದ ಕಲುಷಿತ ಸ್ಥಳ 103. ಅದರಲ್ಲಿ ಶುದ್ಧ ಮಾಡುವ ಕೆಲಸ ಶುರುವಾಗಿದ್ದು 7ರಲ್ಲಿ ಮಾತ್ರ.

ಈ ನಿಯಮದಲ್ಲಿ ನಮಗೆ ಬೇಕಾದ ಒಂದು ಒಳ್ಳೆಯ ಅಂಶ ಇದೆ. ನೆಲ, ನೀರು ಕೆಟ್ಟಿದೆ ಎಂಬ ಅನುಮಾನ ಇರುವ ಜಾಗವನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ತಾನಾಗಿಯೇ, ಇಲ್ಲವೇ ಜನರ ದೂರಿನ ಮೇಲೆ ಗುರುತಿಸಿ, ಆರು ತಿಂಗಳಿಗೊಮ್ಮೆ ಪಟ್ಟಿ ಮಾಡಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬೇಕು. ಮಂಡಳಿ 90 ದಿನದಲ್ಲಿ ಮೊದಲ ಹಂತದ ಪರಿಶೀಲನೆ ಮಾಡಬೇಕು. ಅನುಮಾನ ಗಟ್ಟಿಯಾದರೆ ವಿವರವಾದ ಪರೀಕ್ಷೆ. ಕೆಡಿಸಿದವರನ್ನು ಹುಡುಕಿ ಅವರಿಂದಲೇ ಖರ್ಚು ವಸೂಲಿ. ಗಮನಿಸಿ, ಇಲ್ಲಿ ಬೇಕಾಗಿರುವುದು ಅನುಮಾನ. ಪುರಾವೆ ಹುಡುಕುವುದು ಮಂಡಳಿಯ ಕೆಲಸ.

ಇನ್ನು ಕಿಂಡಿಗಳು. ಗಣಿಗಾರಿಕೆಯಿಂದ ಆದದ್ದು, ಕಸದ ಗುಡ್ಡದಿಂದ ಆದದ್ದು ಈ ನಿಯಮಕ್ಕೆ ಸೇರುವುದಿಲ್ಲ, ಅವಕ್ಕೆ ಬೇರೆ ಕಾನೂನು ಇದೆ ಅನ್ನುತ್ತಾರೆ. ಬೇರೆ ಅಪಾಯಕಾರಿ ವಸ್ತು ಅದರ ಜೊತೆ ಬೆರೆತು ಮಿತಿ ಮೀರಿದ್ದರೆ ಮಾತ್ರ ಬಾಗಿಲು ತೆರೆಯುತ್ತದೆ. ಅಂದರೆ ಕೆಜಿಎಫ್ ದಿಬ್ಬವೂ ಮಾವಳ್ಳಿಪುರದ ಗುಡ್ಡವೂ ಬಾಗಿಲ ಹೊರಗೇ. ನೀರು ಕುಡಿಯುವವರಿಗೆ ಅದು ಗಣಿಯ ವಿಷವೋ ಕಾರ್ಖಾನೆಯ ವಿಷವೋ ಅಂತ ರುಚಿಯಲ್ಲಿ ಗೊತ್ತಾಗುತ್ತದೆಯೇ? ಇನ್ನೊಂದು ಕಿಂಡಿ: ಜಾಗ ಕೆಟ್ಟಿದೆ ಅಂತ ತೀರ್ಮಾನ ಆದ ಮೇಲೆ ಇಂತಿಷ್ಟು ವರ್ಷದೊಳಗೆ ಶುದ್ಧ ಮಾಡಿ ಮುಗಿಸಲೇಬೇಕು ಅಂತ ಗಡುವು ಇಲ್ಲ. ಬಿಛ್ರಿಯ 22 ವರ್ಷ ನೆನಪಿರಲಿ.

ಶಿಕ್ಷೆ ಕಡಿಮೆಯಾಗಿದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ತಪ್ಪಿತಸ್ಥರಿಗೆ 5 ವರ್ಷದವರೆಗೆ ಜೈಲು ಇತ್ತು. 2023ರ ಜನ ವಿಶ್ವಾಸ ಕಾಯ್ದೆ ಅದನ್ನು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಮಾಡಿತು. ಆ ದಂಡವನ್ನೂ ಕಟ್ಟದಿದ್ದರೆ ಮಾತ್ರ ಜೈಲಿನ ಮಾತು. ದೊಡ್ಡ ಕಾರ್ಖಾನೆಗೆ 15 ಲಕ್ಷ ಎಂದರೆ ಖರ್ಚಿನ ಪುಸ್ತಕದಲ್ಲಿ ಇನ್ನೊಂದು ಸಾಲು.

ಹಸಿರು ನ್ಯಾಯಮಂಡಳಿಗೆ ಪರಿಹಾರ ಕೇಳಿ ಹೋಗಬೇಕಾದರೆ, ಕಾರಣ ಮೊದಲು ಹುಟ್ಟಿದ ದಿನದಿಂದ 5 ವರ್ಷದೊಳಗೆ ಹೋಗಬೇಕು. ಹೆಚ್ಚೆಂದರೆ ಇನ್ನು 60 ದಿನ. ದಕ್ಷಿಣದವರಿಗೆ ಅದರ ಪೀಠ ಇರುವುದು ಚೆನ್ನೈನಲ್ಲಿ. ವಿಷ ಮೈಯಲ್ಲಿ ಕಾಣಿಸಿಕೊಳ್ಳಲು ಹತ್ತಿಪ್ಪತ್ತು ವರ್ಷ ತೆಗೆದುಕೊಂಡರೆ ಕಾನೂನು ಕೊಡುವುದು ಐದು ವರ್ಷ.

ಅದಕ್ಕೇ ಬರೆದಿಡಿ

ಅದಕ್ಕೇ ನಾವು ಹೇಳುವುದು, ಸುಮ್ಮನಿದ್ದ ಪ್ರತಿ ದಿನವೂ ಕೆಡಿಸಿದವನ ಲಾಭಕ್ಕೆ ಸೇರುತ್ತದೆ ಅಂತ. ನಮ್ಮ ಕೈಯಲ್ಲಿ ಆಗುವ ಕೆಲಸಗಳಿವೆ. ಮಾಡಲು ಫೋನು, ಒಂದು ನೋಟ್‌ಬುಕ್ಕು, ನಾಲ್ಕು ಜನ ಸಾಕು.

1. ಊರಿನ ಒಂದೊಂದು ಬಾವಿ, ಬೋರಿಗೂ ಒಂದು ಪುಟ. ಎಷ್ಟು ಅಡಿ, ಯಾವ ವರ್ಷ ಕೊರೆದದ್ದು, ನೀರಿನ ಬಣ್ಣ, ವಾಸನೆ ಯಾವತ್ತು ಬದಲಾಯಿತು. ದಿನಾಂಕ ಹಾಕಿ ಫೋಟೊ ತೆಗೆದಿಡಿ. ರಾತ್ರಿ ಬಂದ ಲಾರಿಯ ನಂಬರ್, ಹೊತ್ತು ಬರೆದಿಡಿ. ಅಡ್ಡ ಹಾಕಲು ಒಬ್ಬರೇ ಹೋಗಬೇಡಿ.

2. ಪಂಚಾಯಿತಿಯ ಪಿಡಿಒಗೆ ಬರವಣಿಗೆಯಲ್ಲಿ ದೂರು ಕೊಡಿ. ‘2025ರ ಕಲುಷಿತ ಸ್ಥಳಗಳ ನಿಯಮದ ಪ್ರಕಾರ ಈ ಜಾಗವನ್ನು ಅನುಮಾನದ ಪಟ್ಟಿಗೆ ಸೇರಿಸಿ’ ಅಂತಲೇ ಬರೆಯಿರಿ. ಜಿಲ್ಲಾಧಿಕಾರಿಗೂ ಮಂಡಳಿಗೂ ಪ್ರತಿ ಕಳಿಸಿ. ಸ್ವೀಕೃತಿ ಸೀಲು ಇಲ್ಲದೆ ಕಚೇರಿಯಿಂದ ಎದ್ದು ಬರಬೇಡಿ. ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ.

3. ‘ನೀರು ಪರೀಕ್ಷೆ ಮಾಡಿ’ ಅಂತ ಕೇಳಬೇಡಿ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸ, ಸೈನೈಡ್ ಪರೀಕ್ಷೆ ಮಾಡಿ ಅಂತ ಹೆಸರು ಹೇಳಿ ಕೇಳಿ. ಯಾವ ಬಾವಿಯಿಂದ ತೆಗೆಯಬೇಕು ಅಂತ ನೀವು ತೋರಿಸಿ. ವರದಿಯಲ್ಲಿ ಅಂಕಿ ಇರಬೇಕು. ‘ತೃಪ್ತಿಕರ’ ಎಂಬ ಪದ ವರದಿಯಲ್ಲ.

4. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ: ಕಾರ್ಖಾನೆಗೆ ಕೊಟ್ಟ ಒಪ್ಪಿಗೆ ಪತ್ರ, ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವಿವರ, ಲಾರಿಯಲ್ಲಿ ಸಾಗಿಸಿದ ರವಾನೆ ಪತ್ರ. ಎಷ್ಟು ಟನ್ ಹುಟ್ಟಿತು, ಎಷ್ಟು ಟನ್ ಸರಿಯಾದ ಜಾಗಕ್ಕೆ ಹೋಯಿತು ಅಂತ ಕೂಡಿ ಕಳೆಯಿರಿ. ಲೆಕ್ಕದಲ್ಲಿ ಕಾಣೆಯಾದದ್ದು ಎಲ್ಲೋ ಒಂದು ಊರಿನ ನೆಲದಲ್ಲಿರುತ್ತದೆ.

5. ಆಸ್ಪತ್ರೆಗೆ ಹೋದಾಗ ಯಾವ ನೀರು ಕುಡಿಯುತ್ತೀರಿ ಅಂತ ನೀವೇ ಹೇಳಿ, ಚೀಟಿಯಲ್ಲಿ ಬರೆಸಿ. ಚೀಟಿ ಎಸೆಯಬೇಡಿ. ಹತ್ತು ವರ್ಷದ ಮೇಲೆ ಬೇಕಾಗುವ ಸಾಕ್ಷಿ ಅದೇ.

6. ಹೊಸ ಕಾರ್ಖಾನೆಗೆ ಪರಿಸರದ ಸಾರ್ವಜನಿಕ ಅಹವಾಲು ಸಭೆ ಕರೆದರೆ ಊಟದ ಪ್ಯಾಕೆಟ್‌ಗೆ ಹೋಗಬೇಡಿ, ಕನ್ನಡದ ಸಾರಾಂಶ ವರದಿಗೆ ಹೋಗಿ. ಅದನ್ನು ಮೊದಲೇ ಕೊಡಬೇಕು ಅಂತ ನಿಯಮ ಇದೆ. ‘ಕಸ ಎಷ್ಟು ಟನ್, ಎಲ್ಲಿಗೆ ಹೋಗುತ್ತದೆ’ ಅಂತ ಮೈಕಿನಲ್ಲಿ ಕೇಳಿ. ಕೇಳಿದ್ದು ದಾಖಲಾಗಬೇಕು.

ಟ್ಯಾಂಕರ್ ಬಂದಾಗ ನೀರು ಹಿಡಿಯಿರಿ. ಹಿಡಿದುಕೊಂಡೇ ಕೇಳಿ: ನಮ್ಮ ಬಾವಿ ಯಾವಾಗ ವಾಪಸ್ ಕೊಡ್ತೀರಿ? ತಾತ ತೋಡಿಸಿದ ಬಾವಿ ಅದು. ಯಾರಿಗೂ ಮಾರಿಲ್ಲ, ಯಾರಿಗೂ ಬರೆದುಕೊಟ್ಟಿಲ್ಲ. ನಮ್ಮನ್ನು ಒಂದು ಮಾತು ಕೇಳದೆ ಕಿತ್ತುಕೊಂಡವರು ಟ್ಯಾಂಕರ್ ಕಳಿಸಿ ಉಪಕಾರ ಮಾಡಿದವರ ಹಾಗೆ ನಿಂತರೆ ಕೈ ಮುಗಿಯಬೇಕಾಗಿಲ್ಲ.

ಇನ್ನೊಂದು ವಿನಂತಿ. ಮನೆಯಲ್ಲಿ ಅಮ್ಮನೋ ಅತ್ತೆಯೋ ‘ಯಾಕೋ ನೀರು ಮೊದಲಿನ ಹಾಗಿಲ್ಲ’ ಅಂದರೆ ಸುಮ್ಮನಿರು ಅನ್ನಬೇಡಿ. ಯಾವ ಪ್ರಯೋಗಾಲಯಕ್ಕಿಂತಲೂ ಮೊದಲು ನಮ್ಮ ಊರುಗಳಲ್ಲಿ ನೀರು ಪರೀಕ್ಷೆ ಮಾಡಿದವರು ಅವರೇ. ಆ ಮಾತನ್ನು ಅವತ್ತೇ, ದಿನಾಂಕ ಹಾಕಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.